ಪುರಸೇವಾನಿರತ ವೈದ್ಯ ರುಡಾಲ್ಫ್ ವಿರ್ಚೋ

ರೋಗಿಯ ನಾಡಿಯನ್ನು ಹಿಡಿದು ನೋಡಿ ಔಷಧವನ್ನು ಕೊಡುವುದು ವೈದ್ಯನ ಧರ್ಮವೆಂಬುದನ್ನು ಎಲ್ಲರೂ ಬಲ್ಲರು. ಆದರೆ ರೋಗವು ಆ ರೋಗಿಯ ಮನೆಯ ಮುಂದಣ ಚರಂಡಿಯಲ್ಲಿಯೂ ಅವನ ಬಡತನದಲ್ಲಿಯೂ ಬೇರುಬಿಟ್ಟಿದ್ದರೆ ವೈದ್ಯನ ಧರ್ಮವು ಎಲ್ಲಿಗೆ ಮುಗಿಯುವುದು? ಈ ಪ್ರಶ್ನೆಗೆ ತಮ್ಮ ಜೀವಿತದಿಂದಲೇ ಉತ್ತರವನ್ನಿತ್ತ ಮಹನೀಯರು ಜರ್ಮನಿ ದೇಶದ ಡಾಕ್ಟರ್ ರುಡಾಲ್ಫ್ ವಿರ್ಚೋ ಅವರು.

ವಿರ್ಚೋ ಅವರು 1821ನೆಯ ಇಸವಿ ಅಕ್ಟೋಬರ್ 13ರಂದು ಪ್ರಷ್ಯಾ ರಾಜ್ಯದ ಪೊಮರೇನಿಯಾ ಪ್ರಾಂತದ ಸಣ್ಣ ಊರೊಂದರಲ್ಲಿ ಜನಿಸಿದರು. ತಂದೆ ಬೇಸಾಯಗಾರರು, ಸ್ಥಿತಿವಂತರೇನೂ ಅಲ್ಲ. ಆದಕಾರಣ ಬಾಲಕನು ಸೇನಾವೈದ್ಯರನ್ನು ಸಿದ್ಧಪಡಿಸುವ ಬರ್ಲಿನ್ ನಗರದ ವಿದ್ಯಾಲಯವನ್ನು 1839ರಲ್ಲಿ ಸೇರಿ, ಸರ್ಕಾರದ ವೆಚ್ಚದಿಂದಲೇ ವ್ಯಾಸಂಗ ಮಾಡಿ, 1843ರಲ್ಲಿ ವೈದ್ಯಪದವಿಯನ್ನು ಪಡೆದನು. ಅನಂತರ ಅದೇ ನಗರದ ಶರಿತೆ ಆಸ್ಪತ್ರೆಯಲ್ಲಿ ಮೃತದೇಹಗಳನ್ನು ಪರೀಕ್ಷಿಸಿ ರೋಗದ ಮೂಲವನ್ನು ಅರಸುವ ಕಾರ್ಯದಲ್ಲಿ ಆ ತರುಣನು ನಿರತನಾದನು.

1848ರ ಆರಂಭದಲ್ಲಿ ಮೇಲಣ ಸೈಲೀಷಿಯಾ ಪ್ರಾಂತದಲ್ಲಿ ಕ್ಷಾಮವೂ ಅದರ ಬೆನ್ನಹಿಂದೆಯೇ ಟೈಫಸ್ ಎಂಬ ಸಾಂಕ್ರಾಮಿಕ ಜ್ವರವೂ ತಲೆದೋರಿ ಅಸಂಖ್ಯ ಜನರು ಮಡಿದರು. ವಿಚಾರಿಸಿ ವರದಿ ಮಾಡೆಂದು ಸರ್ಕಾರವು ವಿರ್ಚೋ ಅವರನ್ನು ಕಳುಹಿಸಿತು. ಸುಮಾರು ಮೂರು ವಾರ ಅಲ್ಲಿದ್ದು ಅವರು ಕಂಡದ್ದು ಕೇವಲ ಜ್ವರವನ್ನಲ್ಲ. ಹಸಿವನ್ನು, ಕೊಳಕು ಗುಡಿಸಲುಗಳನ್ನು, ತಮ್ಮ ಭಾಷೆಯಲ್ಲಿ ವಿದ್ಯೆಯಿಲ್ಲದೆ ಉಳಿದ ಪೋಲಿಷ್ ಜನರನ್ನು. ಔಷಧಗಳ ಪಟ್ಟಿಯನ್ನು ನಿರೀಕ್ಷಿಸಿದ್ದ ಸರ್ಕಾರಕ್ಕೆ ಅವರು ಸೂಚಿಸಿದ ಚಿಕಿತ್ಸೆಯೇ ಬೇರೆ: ಜನರಿಗೆ ಸ್ವಾಡಳಿತ, ಮಾತೃಭಾಷೆಯಲ್ಲಿ ಶಿಕ್ಷಣ, ರಸ್ತೆಗಳು, ಬೇಸಾಯದ ಸುಧಾರಣೆ, ನ್ಯಾಯವಾದ ತೆರಿಗೆ.

ಅವರು ಬರ್ಲಿನ್ನಿಗೆ ಹಿಂದಿರುಗುತ್ತಲೇ ಮಾರ್ಚ್ ತಿಂಗಳ ಕ್ರಾಂತಿಯು ಎದ್ದಿತು. ವಿರ್ಚೋ ಅವರು ಜನರ ಪಕ್ಷವನ್ನು ಹಿಡಿದರು; ವೈದ್ಯಸುಧಾರಣೆಗಾಗಿ ವಾರಪತ್ರಿಕೆಯೊಂದನ್ನೂ ನಡೆಸಿದರು. ಇದರ ಫಲವಾಗಿ 1849ರಲ್ಲಿ ಆಸ್ಪತ್ರೆಯ ಉದ್ಯೋಗಕ್ಕೆ ಸಂಚಕಾರ ಬಂದಿತು. ಅವರು ವ್ಯೂರ್ಟ್ಸ್‌ಬರ್ಗ್ ನಗರಕ್ಕೆ ತೆರಳಿ ಏಳು ವರ್ಷ ಅಧ್ಯಾಪಕರಾಗಿದ್ದರು. ಅವರ ಪಾಂಡಿತ್ಯವನ್ನು ಅಲಕ್ಷಿಸಲಾರದೆ 1856ರಲ್ಲಿ ಬರ್ಲಿನ್ನೇ ಅವರನ್ನು ಮರಳಿ ಕರೆಯಿತು. ದೇಹದ ಜೀವಕೋಶಗಳ ವಿಕಾರವೇ ರೋಗವೆಂಬ ಅವರ ಸಿದ್ಧಾಂತವು 1858ರಲ್ಲಿ ಗ್ರಂಥರೂಪವಾಗಿ ಹೊರಬಿದ್ದು ಲೋಕವಿಖ್ಯಾತವಾಯಿತು.

ಅಷ್ಟು ಕೀರ್ತಿಗೆ ತೃಪ್ತರಾಗಿ ಪ್ರಯೋಗಶಾಲೆಯಲ್ಲಿಯೇ ಇದ್ದುಬಿಡಬಹುದಾಗಿದ್ದಿತು. ಅವರು ಹಾಗೆ ಮಾಡಲಿಲ್ಲ. 1859ರಲ್ಲಿ ಬರ್ಲಿನ್ ನಗರಸಭೆಯ ಸದಸ್ಯರಾಗಿ ಚುನಾಯಿತರಾಗಿ, ದೇಹಾಂತ್ಯದವರೆಗೆ 43 ವರ್ಷ ಆ ಸ್ಥಾನವನ್ನು ಬಿಡದೆ ದುಡಿದರು. ಆಗಿನ ಬರ್ಲಿನ್ನಿನಲ್ಲಿ ಮನೆಗಳ ಹೊಲಸು ನೀರು ಬೀದಿಯ ಬದಿಯ ತೆರೆದ ಕಾಲುವೆಗಳಲ್ಲಿ ನಿಂತು ನಾರುತ್ತಿದ್ದಿತು. 1856ರಲ್ಲಿ ಕೊಳಾಯಿ ನೀರು ಬಂದ ಮೇಲಂತೂ ಹೊಲಸು ನೀರಿನ ಮೊತ್ತವು ಇನ್ನೂ ಹೆಚ್ಚಿತು. ಜನಸಂಖ್ಯೆಯು ವರ್ಷವರ್ಷಕ್ಕೂ ಬೆಳೆದು 1877ರ ವೇಳೆಗೆ ಹತ್ತು ಲಕ್ಷವನ್ನು ಮುಟ್ಟಿತು. ಕಾಲರಾ ಮತ್ತೆಮತ್ತೆ ಬಂದು, 1866ರಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು.

ಈ ಕಶ್ಮಲವನ್ನು ಬಂಡಿಗಳಲ್ಲಿ ತುಂಬಿ ಸಾಗಿಸಬೇಕೆ, ನೆಲದೊಳಗಿನ ಕಾಲುವೆಗಳಲ್ಲಿ ಹರಿಸಬೇಕೆ ಎಂಬ ವಾದವು ಅನೇಕ ವರ್ಷ ನಡೆಯಿತು. ವೆಚ್ಚವು ಅಪಾರವೆಂದು ಕೆಲವರು, ಹೊಲಗಳಿಗೆ ಗೊಬ್ಬರವು ನಷ್ಟವಾಗುವುದೆಂದು ಕೆಲವರು ಆಕ್ಷೇಪಿಸಿದರು. ವಿರ್ಚೋ ಅವರು ವಿಚಾರಣಾಮಂಡಲಿಯಲ್ಲಿ ಕುಳಿತು, ಮರಣಗಳ ಲೆಕ್ಕ, ನೆಲದ ನೀರಿನ ಮಟ್ಟ, ಪರಸ್ಥಳಗಳ ಅನುಭವ ಇವೆಲ್ಲವನ್ನೂ ಕೂಡಿಸಿ ವರದಿಯನ್ನು ಸಿದ್ಧಪಡಿಸಿದರು. ಶಿಲ್ಪಿ ಜೇಮ್ಸ್ ಹೋಬ್ರೆಖ್ಟ್ ಅವರ ಯೋಜನೆಯು ಅಂಗೀಕೃತವಾಗಿ 1873ರಲ್ಲಿ ಕೆಲಸವು ಮೊದಲಾಯಿತು. ನಗರವನ್ನು ಹನ್ನೆರಡು ವಿಭಾಗಗಳನ್ನಾಗಿ ಮಾಡಿ, ಪ್ರತಿಯೊಂದರ ಹೊಲಸು ನೀರನ್ನೂ ತಗ್ಗಿನ ಸ್ಥಳದಲ್ಲಿ ಕೂಡಿಸಿ, ಅಲ್ಲಿಂದ ಯಂತ್ರಗಳ ಮೂಲಕ ಊರಾಚೆಯ ಮರಳುಭೂಮಿಗೆ ಒತ್ತುವುದು ಆ ಯೋಜನೆಯ ಕ್ರಮ. ನದಿಯನ್ನು ಕೆಡಿಸಬೇಕಾಗಿದ್ದ ನೀರು ಹೊಲಗಳಿಗೆ ಹರಿದು ಹುಲ್ಲು ತರಕಾರಿಗಳನ್ನು ಬೆಳೆಯಿತು. ಹೀಗೆ ಎರಡು ಪಕ್ಷದವರ ಆಕ್ಷೇಪಣೆಗಳಲ್ಲಿ ಒಂದಕ್ಕೆ ಮಾತಿನಿಂದಲ್ಲ, ಪೈರಿನಿಂದಲೇ ಸಮಾಧಾನವು ದೊರೆಯಿತು.

1874ರಲ್ಲಿ ಫ್ರೀಡ್ರಿಕ್ಸ್‌ಹೈನ್ ಎಂಬಲ್ಲಿ ನಗರದ ಮೊದಲನೆಯ ಪುರಸಭಾ ಆಸ್ಪತ್ರೆಯು ತೆರೆಯಿತು. ಅದರ ಹಿಂದೆಯೂ ಅವರ ಶ್ರಮವಿದ್ದಿತು. ಹಂದಿಮಾಂಸದಲ್ಲಿ ಅಡಗಿರುವ ಸೂಕ್ಷ್ಮ ಹುಳುವು ಮನುಷ್ಯರನ್ನು ಕೊಲ್ಲುವುದನ್ನು ತಿಳಿಸಿ, ಮಾರುವ ಮಾಂಸವನ್ನು ಪರೀಕ್ಷಿಸಲೇಬೇಕೆಂದು ಅವರು ಹಠ ಹಿಡಿದರು.

ಅಂತಹವರಲ್ಲಿಯೂ ದೋಷವಿರಲಿಲ್ಲವೆಂದಲ್ಲ. ರೋಗಗಳಿಗೆ ಸೂಕ್ಷ್ಮಜೀವಿಗಳು ಕಾರಣವೆಂಬುದನ್ನು ಒಪ್ಪಲು ಅವರು ಬಹುಕಾಲ ಹಿಂದೆಗೆದರು. ಅದೇ ನಗರದಲ್ಲಿ 1882ರಲ್ಲಿ ರಾಬರ್ಟ್ ಕಾಕ್ ಅವರು ಕ್ಷಯರೋಗದ ಕ್ರಿಮಿಯನ್ನು ಪ್ರಕಟಿಸಿದಾಗಲೂ ವಿರ್ಚೋ ಅವರ ಸಂಶಯವು ಕರಗಲಿಲ್ಲ. ಹಿರಿಯರ ತೂಕವುಳ್ಳ ಸಂಶಯವು ಹೊಸ ಅರಿವಿನ ದಾರಿಗೆ ಅಡ್ಡವಾಗಬಲ್ಲುದು. ಆದರೂ ಕ್ರಿಮಿಯನ್ನು ಪೂರ್ಣವಾಗಿ ನಂಬದವರು ಕಟ್ಟಿಸಿದ ಕಾಲುವೆಗಳೇ ಆ ಕ್ರಿಮಿಗಳನ್ನು ಜನರ ಮನೆಬಾಗಿಲಿನಿಂದ ದೂರ ಒಯ್ದುವು.

1891ರಲ್ಲಿ ಬರ್ಲಿನ್ ಅವರಿಗೆ ಗೌರವ ಪೌರತ್ವವನ್ನಿತ್ತಿತು. 1902ನೆಯ ಜನವರಿಯಲ್ಲಿ ಟ್ರಾಮ್ ಗಾಡಿಯಿಂದ ಇಳಿಯುವಾಗ ಬಿದ್ದು ತೊಡೆಯೆಲುಬು ಮುರಿದುಕೊಂಡ ಆ ವೃದ್ಧರು ಪುನಃ ಚೇತರಿಸಿಕೊಳ್ಳದೆ ಸೆಪ್ಟೆಂಬರ್ 5ರಂದು ಕಾಲವಾದರು. ನಗರವೇ ತನ್ನ ವೆಚ್ಚದಿಂದ ಅವರ ಅಂತ್ಯಕ್ರಿಯೆಯನ್ನು ನೆರವೇರಿಸಿತು. ವಿದ್ವಾಂಸರು ಅವರನ್ನು ಜೀವಕೋಶದ ಸಿದ್ಧಾಂತಕ್ಕಾಗಿ ನೆನೆಯುವರು. ಆದರೆ ಅವರ ಹೆಸರನ್ನೇ ಅರಿಯದ ಎಷ್ಟೋ ತಾಯಂದಿರ ಮಕ್ಕಳು ಬದುಕಿ ಬಾಳಿದುದು ಕಣ್ಣಿಗೆ ಕಾಣದೆ ನೆಲದಡಿಯಲ್ಲಿ ಹರಿದ ಆ ಸೇವೆಯಿಂದ.