ಹದಿಮೂರನೇ ತಾರೀಖಿನ ಜಪಸರ

ಮಕ್ಕಳೇ, ಪೋರ್ಚುಗಲ್ ದೇಶದ ಫಾತಿಮಾ ಎಂಬ ಊರಿನ ಬಯಲಲ್ಲಿ 1917ರಲ್ಲಿ ಮೂವರು ಮಕ್ಕಳು ಕುರಿ ಮೇಯಿಸುತ್ತಿದ್ದರು. ಲೂಸಿಯಾಗೆ ಹತ್ತು ವರ್ಷ, ಅವಳ ಸೋದರಸಂಬಂಧಿ ಫ್ರಾನ್ಸಿಸ್ಕೊಗೆ ಎಂಟು, ಅವನ ತಂಗಿ ಜಸಿಂತಾಗೆ ಏಳು. ಆಗ ಮೊದಲನೇ ಮಹಾಯುದ್ಧದ ಕಾಲ. ಪೋರ್ಚುಗಲ್ ಹಿಂದಿನ ವರ್ಷವಷ್ಟೇ ಯುದ್ಧಕ್ಕೆ ಇಳಿದಿತ್ತು, ಅಲ್ಲಿನ ಯುವಕರು ಫ್ರಾನ್ಸಿನ ರಣರಂಗಕ್ಕೆ ಹೊರಟಿದ್ದರು. ಮೇ 13ರಂದು ಯೇಸುವಿನ ತಾಯಿ ಮಾತೆ ಮರಿಯಮ್ಮನವರು ತಮಗೆ ಕಾಣಿಸಿಕೊಂಡರೆಂದೂ, ಯುದ್ಧ ನಿಂತು ಶಾಂತಿ ನೆಲೆಸಲು ದಿನವೂ ಜಪಸರ, ಅಂದರೆ ಮಣಿಮಾಲೆ ಹಿಡಿದು ಹೇಳುವ ಪ್ರಾರ್ಥನೆ, ಮಾಡಿ ಎಂದು ಹೇಳಿದರೆಂದೂ ಈ ಮಕ್ಕಳು ತಿಳಿಸಿದರು. ಅಕ್ಟೋಬರ್‌ವರೆಗೆ ತಿಂಗಳು ತಿಂಗಳೂ 13ರಂದು ಅವರು ಅದೇ ಜಾಗಕ್ಕೆ ಹೋದರು. ಆಗಸ್ಟ್‌ನಲ್ಲಿ ಮಾತ್ರ ಆಗಲಿಲ್ಲ. ಅಧಿಕಾರಿಯೊಬ್ಬ ಆ ದಿನ ಮೂವರನ್ನೂ ಹಿಡಿದಿಟ್ಟುಕೊಂಡು, ಕಂಡದ್ದು ಸುಳ್ಳೆಂದು ಹೇಳಿಸಲು ಹೆದರಿಸಿದ. ಮಕ್ಕಳು ಬಗ್ಗಲಿಲ್ಲ.

ಇಂದಿಗೂ ಎಷ್ಟೋ ಕ್ಯಾಥೋಲಿಕ್ ಧರ್ಮಕೇಂದ್ರಗಳಲ್ಲಿ ತಿಂಗಳ 13ರಂದು, ಕೆಲವೆಡೆ ಮೊದಲ ಶನಿವಾರ, ಜನ ಒಟ್ಟಾಗಿ ಕೂತು ಲೋಕದ ಶಾಂತಿಗಾಗಿ ಜಪಸರ ಮಾಡುವುದು ಇದೇ ನೆನಪಿನಲ್ಲಿ.

ಅಜ್ಜಿಯ ಕೈಯಲ್ಲಿ ನೂರೆಂಟು ಮಣಿಯ ತುಳಸಿಮಾಲೆ ನೋಡಿದವರಿಗೆ ಜಪಸರ ಹೊಸದೆನಿಸದು. ಇದರಲ್ಲಿ ಸಾಮಾನ್ಯವಾಗಿ 59 ಮಣಿಗಳು, ತುದಿಗೊಂದು ಶಿಲುಬೆ. ಹತ್ತು ಹತ್ತು ಮಣಿಗಳ ಐದು ಗುಂಪು, ನಡುನಡುವೆ ಬಿಡಿಯಾಗಿ ಒಂದೊಂದು ಮಣಿ. ಬಿಡಿ ಮಣಿ ಬೆರಳಿಗೆ ಬಂದಾಗ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ, ಹತ್ತರ ಪ್ರತಿ ಮಣಿಗೂ ‘ನಮೋ ಮರಿಯ’ ಪ್ರಾರ್ಥನೆ. ಗುಂಪಿನಲ್ಲಿ ಮಾಡುವಾಗ ಒಬ್ಬರು ಪ್ರಾರ್ಥನೆಯ ಮೊದಲ ಅರ್ಧ ಹೇಳುತ್ತಾರೆ, ಉಳಿದವರೆಲ್ಲ ಸೇರಿ ಇನ್ನರ್ಧ ಮುಗಿಸುತ್ತಾರೆ. ಮುಂದಾಳು ಪಾದ್ರಿಯೇ ಆಗಬೇಕೆಂದಿಲ್ಲ. ಒಂದು ಹತ್ತನ್ನು ಅಜ್ಜ ನಡೆಸಿದರೆ ಮುಂದಿನದನ್ನು ಎರಡನೇ ತರಗತಿಯ ಹುಡುಗಿ ನಡೆಸಬಹುದು. ಈ ಪ್ರಾರ್ಥನೆಯಲ್ಲಿ ನನಗೆ ತುಂಬ ಹಿಡಿಸುವುದು ಇದೇ: ಮಗು ಶುರು ಮಾಡಿದ್ದನ್ನು ಹಿರಿಯರು ಪೂರ್ಣ ಮಾಡುತ್ತಾರೆ.

ಹೇಳಿದ್ದನ್ನೇ ಐವತ್ತು ಸಲ ಹೇಳಿದರೆ ಬೇಸರವಾಗದೇ ಎಂದು ನೀವು ಕೇಳಬಹುದು. ನಾಲಿಗೆ ಪ್ರಾರ್ಥನೆ ಹೇಳುತ್ತಿರುವಾಗ ಮನಸ್ಸು ಯೇಸುವಿನ ಜೀವನದ ಒಂದೊಂದು ಘಟನೆಯನ್ನು ನೆನೆಯುತ್ತಿರುತ್ತದೆ. ದನದ ಗೋದಲಿಯಲ್ಲಿ ಮಲಗಿದ ಕೂಸು, ಹನ್ನೆರಡನೇ ವಯಸ್ಸಿನಲ್ಲಿ ಜೆರುಸಲೇಮಿನಲ್ಲಿ ಕಳೆದುಹೋಗಿ ದೇವಾಲಯದಲ್ಲಿ ಸಿಕ್ಕ ಬಾಲಕ, ಶಿಲುಬೆ ಹೊತ್ತ ದಾರಿ, ಪುನರುತ್ಥಾನ. ಇಂಥ ಘಟನೆಗಳನ್ನು ‘ರಹಸ್ಯ’ಗಳೆನ್ನುತ್ತಾರೆ. ಶತಮಾನಗಳ ಕಾಲ 15 ಇದ್ದವು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಒಂದು ಪತ್ರ ಬರೆದು ಇನ್ನೂ ಐದನ್ನು ಸೇರಿಸಿದರು. ಅಮೆರಿಕದ ಮೇಲೆ ಸೆಪ್ಟೆಂಬರ್ 11ರ ದಾಳಿ ನಡೆದ ಮರುವರ್ಷವದು. ಆ ದಾಳಿಯನ್ನು ನೆನೆದು, ಶಾಂತಿಗಾಗಿ ಜಪಸರ ಮಾಡಿ ಎಂದು ಅವರು ಅದೇ ಪತ್ರದಲ್ಲಿ ಕೇಳಿಕೊಂಡರು.

ಅವರ ಜೀವನಕ್ಕೂ ಫಾತಿಮಾಕ್ಕೂ ಗಾಢ ನಂಟು. 1981ರ ಮೇ 13ರಂದೇ ಅವರ ಮೇಲೆ ಗುಂಡು ಹಾರಿತು, ಅವರು ಬದುಕುಳಿದರು. ಫಾತಿಮಾದ ಮಾತೆಯ ಪ್ರತಿಮೆಗೆ ಒಂದು ಚಿನ್ನದ ಕಿರೀಟವಿದೆ. ಎರಡನೇ ಮಹಾಯುದ್ಧ ತಮ್ಮ ದೇಶಕ್ಕೆ ತಟ್ಟಲಿಲ್ಲವೆಂಬ ಕೃತಜ್ಞತೆಯಿಂದ ಪೋರ್ಚುಗಲ್ಲಿನ ಹೆಂಗಸರು ತಮ್ಮ ಒಡವೆಗಳನ್ನೇ ಕೊಟ್ಟು ಮಾಡಿಸಿದ್ದು. ಪೋಪರ ಮೈಗೆ ಹೊಕ್ಕಿದ್ದ ಗುಂಡು ಈಗ ಆ ಕಿರೀಟದೊಳಗಿದೆ.

ನಮ್ಮ ಕರಾವಳಿಗೂ ಈ ಜಪಸರ ಹಳೆಯದು. ರೊಸಾರಿಯೊ ಎಂದರೆ ಜಪಸರ, ಮಂಗಳೂರಿನ ರೊಸಾರಿಯೊ ಚರ್ಚಿಗೆ ಹೆಸರು ಬಂದದ್ದೇ ಇದರಿಂದ. ಅಲ್ಲಿ ಪೋರ್ಚುಗೀಸರು ಮೊದಲ ಇಗರ್ಜಿ ಕಟ್ಟಿದ್ದು 1568ರಲ್ಲಿ. ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಜಪಸರಕ್ಕೆ ‘ತೇರ್ಸ್’ ಎನ್ನುತ್ತಾರೆ. ತೇರ್ಸ್ ಮುಗಿದ ಮೇಲೆ ಮಕ್ಕಳು ಮನೆಯ ಹಿರಿಯರ ಬಳಿ ಹೋಗಿ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳುವ ಪದ್ಧತಿಯೂ ಇದೆ.

ಫಾತಿಮಾದ ಆ ಮೂವರು ಮಕ್ಕಳಲ್ಲಿ ಫ್ರಾನ್ಸಿಸ್ಕೊ ಮತ್ತು ಜಸಿಂತಾ ದೊಡ್ಡವರಾಗಲೇ ಇಲ್ಲ. ಯುದ್ಧದ ಕೊನೆಗೆ ಹಬ್ಬಿದ ಇನ್‌ಫ್ಲುಯೆಂಜಾ ಇಬ್ಬರನ್ನೂ ಬಲಿ ತೆಗೆದುಕೊಂಡಿತು. 2017ರ ಮೇ 13ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ನಮ್ಮ ಕನ್ನಡ ಕೂಟದ ಯುಗಾದಿಗೆ, ರಾಜ್ಯೋತ್ಸವಕ್ಕೆ ನಿಮ್ಮ ಜೊತೆ ಹಾಡುವ, ನಾಟಕವಾಡುವ ಕ್ರೈಸ್ತ ಗೆಳೆಯರಿದ್ದಾರಲ್ಲ, ಅವರ ಮನೆಯ ಜಪಸರವನ್ನು ಒಮ್ಮೆ ತೋರಿಸಲು ಕೇಳಿ. ಪ್ರಾರ್ಥನೆಗೆ ಕರೆದರೆ ಅಪ್ಪ ಅಮ್ಮನಿಗೆ ಹೇಳಿ ಹೋಗಿಬನ್ನಿ. ಈ ತಿಂಗಳು ಯಾವ ದೇಶದ ಮಕ್ಕಳಿಗಾಗಿ ಬೇಡಿಕೊಳ್ಳುತ್ತಿದ್ದೀರಿ ಎಂದು ಅಲ್ಲಿನ ಹಿರಿಯರನ್ನು ತಪ್ಪದೇ ಕೇಳಿ.