ಸರ್ ಎಂ. ವಿಶ್ವೇಶ್ವರಯ್ಯನವರ ಕಾಲವಿನಿಯೋಗವೂ ವೃತ್ತಿಜೀವನವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಮಗುವಿರಲಾರದು. ಕನ್ನಂಬಾಡಿ ಕಟ್ಟೆಯೆಂದರೆ ಅವರು, ಅವರೆಂದರೆ ಕನ್ನಂಬಾಡಿ ಕಟ್ಟೆ ಎಂಬಷ್ಟರ ಮಟ್ಟಿಗೆ ಆ ಹೆಸರು ನಮ್ಮ ಸೀಮೆಯಲ್ಲಿ ಬೇರೂರಿದೆ. ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಅನಂತರ ಅವರ ಹೆಸರನ್ನೇ ಪಡೆದ ನಾಲೆಯ ನೀರಿನಲ್ಲಿ ಭತ್ತವನ್ನೂ ಕಬ್ಬನ್ನೂ ಬೆಳೆದು, ಬಂದ ಹಣದಲ್ಲಿ ಹೆಣ್ಣುಮಕ್ಕಳ ಶಾಲೆಯ ಫೀಜು ತೆತ್ತ ತಂದೆತಾಯಿಗಳು ನಮ್ಮ ಓದುಗರಲ್ಲಿ ಅನೇಕರಿರಬಹುದು. ಆದರೆ ಆ ಮಹನೀಯರು ತಮ್ಮ ಹೊತ್ತನ್ನು ಹೇಗೆ ಬಳಸಿದರು, ಕೈಗೆ ಬಂದಿದ್ದ ದೊಡ್ಡ ಉದ್ಯೋಗವನ್ನು ಒಂದಲ್ಲ ಎರಡು ಸಲ ಏಕೆ ಬಿಟ್ಟರು ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಉದ್ಯೋಗಗಳಿಗೆ ಸೇರಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ಇರುವ ಕೆಲಸದಲ್ಲಿಯೇ ಇರಬೇಕೇ, ಮನಸ್ಸಿಗೆ ಒಪ್ಪುವ ಬೇರೊಂದನ್ನು ಅರಸಬೇಕೇ ಎಂದು ಕೇಳುವುದುಂಟು. ಹೊತ್ತೇ ಸಾಲದೆಂದು ಹೇಳದವರಂತೂ ಇಲ್ಲವೇ ಇಲ್ಲ. ಆದಕಾರಣ ಆ ಜೀವನದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲಿಚ್ಛಿಸುತ್ತೇವೆ.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿಗೆ ಬಂದು, ಸೋದರಮಾವಂದಿರ ಆಸರೆಯಲ್ಲಿ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದನು. ಸೆಂಟ್ರಲ್ ಕಾಲೇಜಿಗೆ ಸೇರಿದ ಮೇಲೆ ಖರ್ಚಿಗೆ ಹಣ ಸಾಲದೆ, ಒಂದು ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಬೇಕಾಯಿತು. ಕಾಲೇಜು, ಮನೆಪಾಠ, ಸ್ವಂತ ಅಭ್ಯಾಸ, ಈ ಮೂರಕ್ಕೂ ದಿನವನ್ನು ಹಂಚಿಕೊಳ್ಳದೆ ಗತ್ಯಂತರವಿರಲಿಲ್ಲ. ಅವರ ಕಾಲನಿಷ್ಠೆಯನ್ನು ಹೊಗಳುವವರು ಅದು ಹುಟ್ಟುಗುಣವೆಂಬಂತೆ ಮಾತನಾಡುವರು. ನಮಗೆ ಹಾಗೆ ತೋರುವುದಿಲ್ಲ. ಬಡತನವು ಕಲಿಸಿದ ಲೆಕ್ಕಾಚಾರವು ಮುಂದೆ ಅಭ್ಯಾಸವಾಗಿ ನೆಲೆಗೊಂಡಿತೆಂದು ಹೇಳುವುದೇ ಉಚಿತ.

1881ರಲ್ಲಿ ಬಿ.ಎ. ಆದ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, 1883ರಲ್ಲಿ ಇಂಜನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಮರಾಮತ್ ಇಲಾಖೆಯಲ್ಲಿ ಸಹಾಯಕ ಇಂಜನಿಯರರಾದರು. ನಾಸಿಕ, ಖಾನದೇಶ, ಸಿಂಧದ ಸುಕ್ಕೂರು, ಪುಣೆ, ಹೀಗೆ ಅನೇಕ ಕಡೆ ಕೆಲಸ ಮಾಡಿದರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಕೆರೆಗೆ, ನೀರು ಮಟ್ಟಕ್ಕೆ ಏರಿದಾಗ ತಾನಾಗಿ ತೆರೆದು ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕಲ್ಪಿಸಿದವರು ಅವರೇ. ನಾಲೆಯ ನೀರನ್ನು ಕಂಡಕಂಡವರು ಕಂಡಷ್ಟು ತೆಗೆದುಕೊಳ್ಳುವ ಪದ್ಧತಿಯನ್ನು ತಪ್ಪಿಸಿ, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಗೊತ್ತಾದ ಬೆಳೆಗೆ ಸರದಿಯ ಮೇಲೆ ನೀರು ಕೊಡುವ ಏರ್ಪಾಡನ್ನೂ ಅವರು ಅಲ್ಲಿ ಆಚರಣೆಗೆ ತಂದರು. ಈ ಬ್ಲಾಕ್ ಪದ್ಧತಿಯೇ ಮುಂದೆ ಮಂಡ್ಯದ ನಾಲಾಪ್ರದೇಶಕ್ಕೂ ಬಂದಿತು. ಕಬ್ಬು, ಭತ್ತ, ಅರೆಖುಷ್ಕಿ ಬೆಳೆಗಳ ಸರದಿ ಹಿಡಿದು ಗೇಯ್ದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಸರ್ಕಾರಿ ನೌಕರರಿಗೆ ರಜವೆಂದರೆ ವಿಶ್ರಾಂತಿ. ವಿಶ್ವೇಶ್ವರಯ್ಯನವರು 1898ರಲ್ಲಿ ದೊರೆತ ರಜವನ್ನು ಜಪಾನಿಗೆ ಹೋಗಿ ಬರಲು ವಿನಿಯೋಗಿಸಿದರು. ಅಲ್ಲಿಯ ಶಾಲೆಗಳು, ಕಾರ್ಖಾನೆಗಳು, ಹೆಂಗಸರೂ ಗಂಡಸರೂ ದುಡಿಯುವ ರೀತಿ, ಇವನ್ನೆಲ್ಲ ನೋಡಿ ಬರೆದಿಟ್ಟುಕೊಂಡರು. ಆ ಬರವಣಿಗೆಗೂ ಆಗ ಮಾಡುತ್ತಿದ್ದ ಉದ್ಯೋಗಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೇಲಧಿಕಾರಿಗಳು ಅದನ್ನು ಕೇಳಿಯೂ ಇರಲಿಲ್ಲ. ಹತ್ತು ಹದಿನೈದು ವರ್ಷಗಳ ನಂತರ ಮೈಸೂರಿನಲ್ಲಿ ವಿದ್ಯಾಭ್ಯಾಸ ಮತ್ತು ಕೈಗಾರಿಕೆಗಳ ವಿಚಾರವಾಗಿ ಅವರು ಮುಂದಿಟ್ಟ ಅನೇಕ ಯೋಜನೆಗಳಿಗೆ ಬೀಜ ಬಿದ್ದುದು ಆ ರಜದ ದಿನಗಳಲ್ಲಿ.

ಇನ್ನು ಮೊದಲನೆಯ ತ್ಯಾಗದ ವಿಚಾರ. ಮುಂಬಯಿಯಲ್ಲಿ ಅವರು ತಮಗಿಂತ ಹಿರಿಯರಾದ ಹಲವರನ್ನು ದಾಟಿ ಸೂಪರಿಂಟೆಂಡಿಂಗ್ ಇಂಜನಿಯರ್ ಪದವಿಗೆ ಏರಿದ್ದರು. ಅದರ ಮೇಲಿನ ಚೀಫ್ ಇಂಜನಿಯರ್ ಪದವಿಯು ಆ ಕಾಲದ ವಾಡಿಕೆಯಂತೆ ಯೂರೋಪಿಯನರ ಪಾಲಿನದು. ಸಂಬಳ, ಗೌರವ, ಬಂಗಲೆ, ಯಾವುದಕ್ಕೂ ಕೊರತೆಯಿರಲಿಲ್ಲ. ಸುಮ್ಮನಿದ್ದರೆ ವಯಸ್ಸು ತುಂಬುವವರೆಗೆ ಸುಖವಾಗಿ ಕಾಲ ಹಾಕಬಹುದಾಗಿತ್ತು. ಅವರು 1908ರಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ಕೆಲಸ ಬಿಡಲು ನಿಶ್ಚಯಿಸಿದರು. ಪೂರ್ಣ ವಿಶ್ರಾಂತಿವೇತನಕ್ಕೆ ಬೇಕಾದ ಅವಧಿ ಇನ್ನೂ ತುಂಬಿರಲಿಲ್ಲವಾದರೂ, ಅವರ ಸೇವೆಯನ್ನು ನೆನೆದು ಸರ್ಕಾರವು ವಿಶ್ರಾಂತಿವೇತನವನ್ನು ಮಂಜೂರು ಮಾಡಿತು. ಬಿಟ್ಟವರು ಮನೆಯಲ್ಲಿ ಕುಳಿತರೇ? ಇಲ್ಲ, ಯೂರೋಪು ಅಮೆರಿಕಗಳ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ನಗರವು ಹಾಳಾಗಲು, ನಿಜಾಮರ ಸರ್ಕಾರದ ಕರೆಯ ಮೇಲೆ ಹಿಂದಿರುಗಿ ನಗರರಕ್ಷಣೆಯ ಯೋಜನೆಯನ್ನು ಸಿದ್ಧಪಡಿಸಿದರು.

ಅಷ್ಟರಲ್ಲಿ ಮೈಸೂರು ಸಂಸ್ಥಾನದಿಂದ ಚೀಫ್ ಇಂಜನಿಯರಾಗಿ ಬರಬೇಕೆಂದು ಆಹ್ವಾನ ಬಂದಿತು. ಸ್ವಂತ ಸೀಮೆಯ ಕರೆಯೆಂದು ಒಡನೆಯೇ ಓಡಿಬರಲಿಲ್ಲ. ತಾಂತ್ರಿಕ ವಿದ್ಯಾಭ್ಯಾಸಕ್ಕೂ ಕೈಗಾರಿಕೆಗಳ ಬೆಳವಣಿಗೆಗೂ ದುಡಿಯುವ ಅವಕಾಶ ಅಲ್ಲಿರುವುದೇ ಎಂದು ಮೊದಲು ವಿಚಾರಿಸಿ ತಿಳಿದುಕೊಂಡರು. ಕೆಲಸ ಬದಲಿಸುವವರು ಸಾಮಾನ್ಯವಾಗಿ ಕೇಳುವುದು ಸಂಬಳವೆಷ್ಟು, ಮನೆ ಕೊಡುವಿರಾ ಎಂದು. ಇವರು ಕೇಳಿದ್ದು ಮಾಡಲು ಏನಿದೆ ಎಂದು. ಒಪ್ಪುವಂಥ ಉತ್ತರ ಬಂದ ಮೇಲೆ 1909ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು.

ಇಲ್ಲಿಂದ ಕಥೆಯು ನಮ್ಮ ಊರುಗಳಿಗೆ ಬರುತ್ತದೆ. 1902ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಬಡವಾದರೆ ಶಕ್ತಿಯೂ ಬಡವಾಗುವುದು. ನದಿಗೆ ಅಣೆ ಕಟ್ಟಿ ನೀರು ನಿಲ್ಲಿಸಿದರೆ ಗಣಿಗಳಿಗೆ ನಿರಂತರ ಶಕ್ತಿಯನ್ನೂ, ಮಳೆಯನ್ನೇ ನೆಚ್ಚಿ ಬಾಳುವ ಮಂಡ್ಯದ ಕಡೆಯ ಖುಷ್ಕಿ ಭೂಮಿಗೆ ನೀರನ್ನೂ ಒದಗಿಸಬಹುದೆಂಬುದು ಯೋಜನೆ. ಶ್ರೀರಂಗಪಟ್ಟಣಕ್ಕೆ ಸುಮಾರು ಹತ್ತು ಮೈಲಿ ಮೇಲಕ್ಕೆ, ಕನ್ನಂಬಾಡಿಯ ಬಳಿ ಸ್ಥಳ ಗೊತ್ತಾಯಿತು. ಟೀಪೂ ಸುಲ್ತಾನನೂ ಅದೇ ಆಸುಪಾಸಿನಲ್ಲಿ ಕಟ್ಟೆ ಕಟ್ಟಿಸಲು ಯೋಚಿಸಿದ್ದನೆಂಬುದನ್ನು ಅಲ್ಲಿ ದೊರೆತ ಪಾರಸಿ ಶಾಸನವು ತಿಳಿಸುತ್ತದೆ. ಅಂದಾಜು ವೆಚ್ಚ 253 ಲಕ್ಷ ರೂಪಾಯಿ. ಸಂಸ್ಥಾನದ ಹಣಕಾಸಿನ ಅಧಿಕಾರಿಗಳು ಅದನ್ನು ಕೇಳಿಯೇ ಬೆಚ್ಚಿದರು. ಕಡೆಗೆ ನಾಲ್ವಡಿ ಕೃಷ್ಣರಾಜ ಒಡೆಯರವರು 1911ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತರು. ಮುಂದಿನ ತಿಂಗಳಲ್ಲಿಯೇ ಕೆಲಸ ಆರಂಭವಾಯಿತು.

ಮದ್ರಾಸು ಸರ್ಕಾರವು ತಗಾದೆ ಹೂಡಿದ್ದುದರಿಂದ ಮೊದಲು 80 ಅಡಿ ಎತ್ತರಕ್ಕೆ ಮಾತ್ರ ಅನುಮತಿ. ವಿಶ್ವೇಶ್ವರಯ್ಯನವರಾದರೋ ತಳಪಾಯವನ್ನು ಮುಂದಿನ ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ವಿವಾದವು ನ್ಯಾಯಪಂಚಾಯಿತಿಗೆ ಹೋಗಿ, ಮೇಲ್ಮನವಿಗೆ ಹೋಗಿ, 1924ರ ಒಪ್ಪಂದದಲ್ಲಿ ಮುಗಿಯಿತು. ಆ ವೇಳೆಗೆ ಅವರು ಅಧಿಕಾರದಲ್ಲಿರಲಿಲ್ಲ. ತಳಪಾಯ ಮಾತ್ರ ಕಾದಿತ್ತು.

ಗಣಿಗಳಿಗೆ 1915ರ ಜುಲೈಯಿಂದ ಹೆಚ್ಚಿನ ಶಕ್ತಿಯನ್ನು ಕೊಡುವುದಾಗಿ ಸರ್ಕಾರವು ಮಾತು ಕೊಟ್ಟಿತ್ತು. ಮಳೆಗಾಲದ ಪ್ರವಾಹ ಬರುವುದರೊಳಗೆ ಕಟ್ಟೆಯು ಗೊತ್ತಾದ ಎತ್ತರಕ್ಕೆ ಏಳಬೇಕು. ಏಳದಿದ್ದರೆ ಒಂದು ವರ್ಷವೇ ವ್ಯರ್ಥ. ಇಷ್ಟು ಕಡಮೆ ಅವಧಿಯಲ್ಲಿ ಇದು ಆಗದ ಮಾತೆಂದು ಅನುಭವಸ್ಥರೇ ತಿಳಿದರು. ಸುಮಾರು 10,000 ಮಂದಿ ಗಂಡಾಳು ಹೆಣ್ಣಾಳುಗಳು ಕಲ್ಲು, ಸುಣ್ಣ, ಸುರ್ಕಿ ಹೊತ್ತರು. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿ ಗಾರೆಯೇ ಆ ಕಟ್ಟೆಯ ಬಂಧ, ಸಿಮೆಂಟಲ್ಲ. ರಾತ್ರಿಯ ಹೊತ್ತು ದೊಡ್ಡ ದೀಪಗಳ ಬೆಳಕಿನಲ್ಲಿ ಕೆಲಸ ನಡೆಯಿತು. ಚಳಿಜ್ವರದ ಕಾಟವೂ ಇದ್ದಿತು. ಕೆಲಸವನ್ನು ವಾರವಾರಕ್ಕೆ ಇಷ್ಟಿಷ್ಟೆಂದು ಪಾಲು ಮಾಡಿ, ಹಿಂದೆ ಬಿದ್ದುದನ್ನು ಕೂಡಲೇ ಕಂಡುಹಿಡಿಯುವುದೇ ಅವರ ಕ್ರಮ. 1915ರ ಗಡುವು ತಪ್ಪಲಿಲ್ಲ. ಕಟ್ಟೆಯು ಪೂರ್ಣಗೊಂಡದ್ದು 1930ರ ದಶಕದ ಮೊದಲಿಗೆ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ. ಉದ್ದ ಸುಮಾರು 8,600 ಅಡಿ. ನೀರಿನ ತುಂಬುಮಟ್ಟ 124.80 ಅಡಿಯೆಂಬುದು ನಮ್ಮ ಸೀಮೆಯ ಮಕ್ಕಳಿಗೂ ಬಾಯಿಪಾಠ. ನಾಲೆಯ ನೀರು ಹುಲಿಕೆರೆಯ ಬಳಿ ಒಂದೂವರೆ ಮೈಲಿಗೂ ಮಿಗಿಲಾದ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ಇಳಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯೂ ಹುಟ್ಟಿತು.

ಆದರೆ ಒಬ್ಬರ ಗಡುವು ಮತ್ತೊಬ್ಬರ ಗಡುವೂ ಆಗುವುದನ್ನು ಮರೆಯಬಾರದು. ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಲವು ಗ್ರಾಮಗಳೂ ನೀರಿನಲ್ಲಿ ಮುಳುಗಿದವು. ಜನರು ಮನೆಯ ಜಂತೆ ಬಾಗಿಲುಗಳನ್ನು ಕಿತ್ತುಕೊಂಡು ಹೊಸ ಊರುಗಳಿಗೆ ಹೋದರು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಳೆಯ ದಡದ ಹೊಲಗದ್ದೆಗಳು ಹಿನ್ನೀರಿನ ಪಾಲಾದವು. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವು ನೀರು ಇಳಿದ ವರ್ಷಗಳಲ್ಲಿ ತಲೆದೋರುತ್ತ, ಕಡೆಗೆ ಈ ಶತಮಾನದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಲ್ಪಟ್ಟು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಎದ್ದಿತು. ನಾಗಮಂಗಲದ ಕಡೆಯ ಮೆಟ್ಟುಭೂಮಿಗಂತೂ ಈ ನಾಲೆಯ ಭಾಗ್ಯವೇ ಇರಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಯಾಗಿ ಅದರ ನಾಲೆಗಳು ಬರುವವರೆಗೆ ಅಲ್ಲಿಯವರು ಬಹುಕಾಲ ಕಾಯಬೇಕಾಯಿತು.

1912ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಮೈಸೂರು ಬ್ಯಾಂಕು 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪಿತವಾದವು. ಕಚೇರಿಗಳಲ್ಲಿ ಕಾಗದಪತ್ರಗಳು ಮೇಜಿನಿಂದ ಮೇಜಿಗೆ ತೆವಳುವುದನ್ನು ತಪ್ಪಿಸಲು ದಕ್ಷತೆಯ ತಪಾಸಣೆಯೆಂಬ ಹೊಸ ಏರ್ಪಾಡನ್ನು ತಂದರು. ಗುಮಾಸ್ತರು ಇದನ್ನು ಎಷ್ಟು ಪ್ರೀತಿಯಿಂದ ಬರಮಾಡಿಕೊಂಡರೋ ಊಹಿಸಬಹುದು.

ಎರಡನೆಯ ಸಲ ಅವರು ಪದವಿಯನ್ನು ತೊರೆದುದು 1918ರಲ್ಲಿ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರ ಸಮಾಜಗಳಿಗೆ ಸರಿಯಾದ ಪಾಲು ದೊರಕಿಸುವ ಬಗೆಯನ್ನು ಕುರಿತು ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ದಿವಾನರಿಗೆ ಅದು ಒಪ್ಪಲಿಲ್ಲ. ಯೋಗ್ಯತೆಯೊಂದೇ ಅಳತೆಯಾಗಿರಬೇಕೆಂಬುದು ಅವರ ನಿಲುವು. ಅಭಿಪ್ರಾಯಭೇದವನ್ನು ಒಳಗಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಿರುವುದಕ್ಕಿಂತ ಎದ್ದುಹೋಗುವುದನ್ನೇ ಆರಿಸಿಕೊಂಡರು. ಎದ್ದುಹೋದ ರೀತಿಯನ್ನು ನಾವು ಮೆಚ್ಚುತ್ತೇವೆ. ವಿಷಯದಲ್ಲಿ ಮಾತ್ರ ಮಹಾರಾಜರ ಪಕ್ಷವೇ ನ್ಯಾಯವಾದುದೆಂದು ನಮ್ಮ ತಿಳುವಳಿಕೆ. ಓದುವ ಹೊತ್ತೂ ದೀಪವೂ ದೊರೆಯದ ಮನೆಗಳ ಮಕ್ಕಳನ್ನು, ತಲೆತಲಾಂತರದಿಂದ ಅವು ದೊರೆತ ಮನೆಗಳ ಮಕ್ಕಳೊಡನೆ ಒಂದೇ ಕೋಲಿನಿಂದ ಅಳೆಯುವುದು ಹೇಗೆ? ತಾವೇ ಮನೆಪಾಠ ಹೇಳಿ ಓದಿದವರಿಗೆ ಇದು ಹೊಳೆಯದೆ ಹೋದುದು ಆಶ್ಚರ್ಯ.

ಇದೇ ಪ್ರಶ್ನೆ ನಮ್ಮ ಸೋದರಿಯರ ವಿಚಾರದಲ್ಲಿಯೂ ಏಳುತ್ತದೆ. ನಿಮಿಷ ತಪ್ಪದೆ ಭೇಟಿ, ನಿಮಿಷ ತಪ್ಪದೆ ಊಟ, ಸಂಜೆಯ ನಡಿಗೆ, ನಾಳೆಯ ಕೆಲಸದ ಪಟ್ಟಿ, ಇವೆಲ್ಲ ಚೆನ್ನಾದ ಅಭ್ಯಾಸಗಳೇ. ಆದರೆ ಊಟವನ್ನು ಆ ನಿಮಿಷಕ್ಕೆ ಬಡಿಸಿದವರು ಬೇರೆಯವರು. ಅವರಿಗೆ ಎಬ್ಬಿಸಿ ಶಾಲೆಗೆ ಕಳುಹಿಸಬೇಕಾದ ಮಕ್ಕಳಿರಲಿಲ್ಲ. ಮಗುವಿಗೆ ಜ್ವರ ಬಂದ ದಿನ ತಾಯಿಯ ಪಟ್ಟಿ ಹರಿದುಹೋಗುವುದು ಅವಳ ಅಶಿಸ್ತಿನಿಂದಲ್ಲ. ಹೆಂಡತಿಯೂ ಸೊಸೆಯೂ ಹೊತ್ತಿನ ಬೆಲೆಯನ್ನು ಅರಿಯರೆಂದು ದೂರುವ ಮನೆಯವರು, ದಿನದಲ್ಲಿ ಒಂದು ಗಂಟೆಯನ್ನಾದರೂ ಅವರ ಪಾಲಿಗೆ ಬಿಟ್ಟುಕೊಟ್ಟಿರುವರೇ ಎಂದು ಮೊದಲು ನೋಡಿಕೊಳ್ಳಲಿ. ಹಾಗೆ ಬಿಟ್ಟುಕೊಟ್ಟ ಗಂಟೆಯನ್ನು ಹೇಗೆ ಬಳಸಬೇಕೆಂಬುದಕ್ಕೆ ಜಪಾನಿನ ರಜದ ಕಥೆಯಿದೆ.

ದಿವಾನಗಿರಿಯನ್ನು ಬಿಟ್ಟಾಗ ಅವರಿಗೆ ಐವತ್ತೇಳು ವರ್ಷ. ಅನಂತರ ಬದುಕಿದ್ದು ನಲವತ್ತಮೂರು ವರ್ಷಗಳಿಗೂ ಮೇಲ್ಪಟ್ಟು. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತೂ, 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂಬುದನ್ನು ಕುರಿತೂ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. 1923ರಿಂದ 1929ರವರೆಗೆ ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ಅದನ್ನು ದಾರಿಗೆ ತಂದರು. ಆ ಕೆಲಸಕ್ಕಾಗಿ ತಮಗೆ ಸಲ್ಲಬೇಕಾದ ಹಣವನ್ನು ತಾವು ತೆಗೆದುಕೊಳ್ಳದೆ, ಹುಡುಗರಿಗೆ ಕೈಕೆಲಸ ಕಲಿಸುವ ಸಂಸ್ಥೆಯೊಂದಕ್ಕೆ ಮೀಸಲಿಡಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಹೀಗೆ ಹುಟ್ಟಿದುದು. 1952ರಲ್ಲಿ, ತೊಂಬತ್ತು ದಾಟಿದ ಮೇಲೆ, ಗಂಗೆಗೆ ಸೇತುವೆ ಕಟ್ಟಲು ಸ್ಥಳ ಗೊತ್ತುಮಾಡುವ ಸಮಿತಿಯ ಕೆಲಸವನ್ನು ಒಪ್ಪಿಕೊಂಡರು. ಬಿಹಾರದ ಮೊಕಾಮಾದ ಬಳಿ ಆ ಸೇತುವೆಯು 1959ರಲ್ಲಿ ಸಂಚಾರಕ್ಕೆ ತೆರೆಯಿತು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ನೆಯ ಇಸವಿ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ದೈವಾಧೀನರಾದರು. ಅಂತ್ಯಸಂಸ್ಕಾರವು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.