ಪ್ರಶಾಂತಚಂದ್ರ ಮಹಾಲನೋಬಿಸ್

ಭಾರತದಲ್ಲಿ ಸಂಖ್ಯಾಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದ ಮಹನೀಯರು ಪ್ರಶಾಂತಚಂದ್ರ ಮಹಾಲನೋಬಿಸರು. 1893ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಇವರು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅಲ್ಲಿಯೇ ಬೆಳಗಿದರು.

ಕುಟುಂಬಗಳ ವರಮಾನಕ್ಕೂ ಆಹಾರದ ವೆಚ್ಚಕ್ಕೂ ಇರುವ ಸಂಬಂಧವನ್ನು ಒಂದೇ ಸರಳರೇಖೆಯಿಂದ ತೋರಿಸುವುದುಂಟು. ಆದರೆ ಬೆಳಗಾವಿ ನಗರದ ವರ್ತಕನನ್ನೂ ಖಾನಾಪುರದ ಕಾಡಂಚಿನ ಕೂಲಿಕಾರನನ್ನೂ ಒಂದೇ ರೇಖೆಗೆ ಒಳಪಡಿಸಿದರೆ ಬಡವನ ಪಾಡು ಮರೆಯಾಗಬಹುದು. ಆದುದರಿಂದ ಮಹಾಲನೋಬಿಸರು 1960ರಲ್ಲಿ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಕುಟುಂಬಗಳನ್ನು ತಲಾ ವೆಚ್ಚದ ಏರಿಕೆಯ ಕ್ರಮದಲ್ಲಿರಿಸಿ, ಸಮಸಂಖ್ಯೆಯ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಸರಾಸರಿ ಬಿಂದುಗಳನ್ನು ಜೋಡಿಸುವುದೇ ಆ ವಿಧಾನ. ಎರಡು ಸ್ವತಂತ್ರ ಮಾದರಿಗಳಿಂದ ಎರಡು ರೇಖೆಗಳನ್ನೆಳೆದರೆ, ಅವುಗಳ ನಡುವಣ ಅಂತರವು ದೋಷದ ಅಳತೆಯಾಗುತ್ತದೆ.

ಅವರು 1972ರಲ್ಲಿ ನಿಧನರಾದರು. ಅಂಕಿಗಳ ಹಿಂದೆ ಮನುಷ್ಯನನ್ನು ಕಂಡ ಅವರ ಜನ್ಮದಿನವಾದ ಜೂನ್ 29, ಇಂದು ಸಂಖ್ಯಾಶಾಸ್ತ್ರ ದಿನವಾಗಿದೆ.